ರೈಟ್ಸ್ ಇಶ್ಯೂಗೆ ಎಫ್‌ಡಿ ಮುರೀಲಾ? ಸಾಲದಲ್ಲಿರೋ ಬಿಲ್ಡರ್ ಕಂಪನಿ ಶೇರು ಇಟ್ಕೊಂಡವರಿಗೆ

ಪ್ರಶ್ನೆ: ನಾನು ದಾವಣಗೆರೆಯವನು, ಪ್ರೈವೇಟ್ ಕಾಲೇಜಲ್ಲಿ ಕೆಲಸ. ಒಂದು ಲಿಸ್ಟೆಡ್ ಬಿಲ್ಡರ್ ಕಂಪನಿ ಶೇರು ಮೊದಲು 92 ರೂಪಾಯಲ್ಲಿ 1,000 ತಗೊಂಡೆ, ಬಿದ್ದಾಗ 41ರಲ್ಲಿ ಇನ್ನೊಂದು 1,000, ಮತ್ತೂ ಬಿದ್ದಾಗ 19ರಲ್ಲಿ 2,000 ತಗೊಂಡು ಆವರೇಜ್ ಮಾಡಿದೆ. ಈಗ 11ಕ್ಕೆ ಬಂದಿದೆ. ಕಂಪನಿಗೆ 1,850 ಕೋಟಿ ಸಾಲ ಇದೆ, ಆದ್ರೆ ಲ್ಯಾಂಡ್ ಬ್ಯಾಂಕೇ, ಅಂದ್ರೆ ಕೈಲಿರೋ ಜಮೀನೇ, 4,000 ಕೋಟಿ ಬಾಳತ್ತೆ, ಮಾರ್ಕೆಟ್ ಕ್ಯಾಪ್ (ಎಲ್ಲಾ ಶೇರುಗಳ ಒಟ್ಟು ಬೆಲೆ) ಬರೀ 330 ಕೋಟಿ, ಕಣ್ಣು ಮುಚ್ಕೊಂಡು ತಗೊಳ್ಳಿ ಅಂತ ನಾನಿರೋ ಟೆಲಿಗ್ರಾಂ ಗ್ರೂಪಲ್ಲಿ ಹೇಳ್ತಾರೆ. ಈಗ ಒಂದು ಶೇರಿಗೆ ಒಂದರಂತೆ 7 ರೂಪಾಯಿಗೆ ರೈಟ್ಸ್ ಇಶ್ಯೂ ಬಂದಿದೆ, ಅಂದ್ರೆ ಈಗಿರೋ ಶೇರುದಾರರಿಗೆ ಹೊಸ ಶೇರು ಕೊಡ್ತಾರೆ. ಒಂದು ಬ್ಯಾಂಕು ಎನ್‌ಸಿಎಲ್‌ಟಿಗೆ (ಕಂಪನಿ ದಿವಾಳಿ ಕೇಸು ನೋಡೋ ನ್ಯಾಯಮಂಡಳಿ) ಹೋಗಿದೆ ಅಂತನೂ ಸುದ್ದಿ ಇದೆ. ಮಗಳ ಇಂಜಿನಿಯರಿಂಗ್ ಫೀಸಿಗೆ ಅಂತ ಇಟ್ಟಿರೋ ಎಫ್‌ಡಿ ಮುರಿದು ರೈಟ್ಸಿಗೂ ಹಾಕಿ, ಮಾರ್ಕೆಟಲ್ಲೂ 4,000 ಶೇರು ತಗೊಂಡ್ರೆ ಆವರೇಜ್ ಚೆನ್ನಾಗಿ ಇಳಿಯತ್ತೆ ಅನ್ಕೊಂಡಿದೀನಿ. ನನ್ನ ಬಾಮೈದ ಇದೇ ಕಂಪನಿ ಫ್ಲ್ಯಾಟ್ ಬುಕ್ ಮಾಡಿ ಐದು ವರ್ಷ ಆಯ್ತು, ಇನ್ನೂ ಕೊಟ್ಟಿಲ್ಲ. ಆದ್ರೆ ಕಂಪನಿ ಲಾಭ ತೋರಿಸ್ತಿದೆಯಲ್ಲ? ಕಂಪನಿ ಹೆಸರು, ಬ್ಯಾಲೆನ್ಸ್ ಶೀಟು, ಶೇರ್‌ಹೋಲ್ಡಿಂಗ್ ಪ್ಯಾಟರ್ನು ಜೊತೆಗೆ ಕಳಿಸಿದೀನಿ. ಏನು ಮಾಡ್ಲಿ?

ಉತ್ತರ: ಮೊದಲು ಎಫ್‌ಡಿ ವಿಷಯ ಮುಗಿಸಿಬಿಡ್ತೀನಿ, ಅದನ್ನ ಮುಟ್ಬೇಡಿ. ರೈಟ್ಸಿಗೂ ಬೇಡ, ಮಾರ್ಕೆಟಲ್ಲಿ ತಗೊಳ್ಳೋಕೂ ಬೇಡ. ಇದು ಕಂಪನಿ ಮುಳುಗೇ ಮುಳುಗತ್ತೆ ಅನ್ನೋ ಭವಿಷ್ಯ ಅಲ್ಲ, ಅದು ಉಳಿದ್ರೂ ಉಳೀಬಹುದು, ಆದ್ರೆ ಕಂಪನಿ ಉಳಿಯೋದು ಬೇರೆ, ಶೇರು ಇಟ್ಕೊಂಡ ನಿಮ್ಮ ದುಡ್ಡು ಉಳಿಯೋದು ಬೇರೆ. ಇವೆರಡೂ ಒಂದೇ ಅಂದ್ಕೊಂಡು ದುಡ್ಡು ಕಳ್ಕೊಂಡವರು ಬಹಳ ಜನ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ. ಕಂಪನಿ ಹೆಸರು ನೀವು ಕೊಟ್ಟಿದೀರಿ, ಇಲ್ಲಿ ಬೇಡ, ಲೆಕ್ಕ ಮಾತ್ರ ಸಾಕು, ಯಾಕಂದ್ರೆ ಇದೇ ಸ್ಥಿತೀಲಿರೋ ಬೇರೆ ಕಂಪನಿ ಶೇರು ಇಟ್ಕೊಂಡವರಿಗೂ ಇದೇ ಲೆಕ್ಕ.

ನಿಮ್ಮ ಕಂಪನಿಗೆ 1,850 ಕೋಟಿ ಸಾಲ. ಈ ಸ್ಥಿತೀಲಿರೋ ಬಿಲ್ಡರಿಗೆ ಯಾರೂ ಹೋಮ್ ಲೋನ್ ರೇಟಲ್ಲಿ ಸಾಲ ಕೊಡಲ್ಲ, ಆದ್ರೂ ಒಂದು 13 ಪರ್ಸೆಂಟ್ ಅಂತ ಇಟ್ಕೊಳ್ಳಿ, ವರ್ಷಕ್ಕೆ ಹತ್ತತ್ರ 240 ಕೋಟಿ ಬಡ್ಡಿ ಆಯ್ತು. ಈಗ ರೈಟ್ಸಲ್ಲಿ ಎಷ್ಟು ಬರತ್ತೆ ನೋಡಿ, 11 ರೂಪಾಯಿಗೆ 330 ಕೋಟಿ ಮಾರ್ಕೆಟ್ ಕ್ಯಾಪ್ ಅಂದ್ರೆ 30 ಕೋಟಿ ಶೇರು, ಒಂದಕ್ಕೊಂದರಂತೆ 7 ರೂಪಾಯಿಗೆ ಎಲ್ಲಾರೂ ತಗೊಂಡ್ರೂ 210 ಕೋಟಿ. ಅಂದ್ರೆ ಇಡೀ ರೈಟ್ಸ್ ಇಶ್ಯೂ ದುಡ್ಡು ಒಂದು ವರ್ಷದ ಬಡ್ಡಿಗೂ ಸಾಲಲ್ಲ, ಅಸಲಿನ ಮಾತು ಆಮೇಲೆ. ಆ ದುಡ್ಡಲ್ಲಿ ಫ್ಲ್ಯಾಟ್ ಮುಗಿಯುತ್ತೆ, ಸೇಲ್ ಆಗತ್ತೆ, ಕಂಪನಿ ಎದ್ದು ನಿಲ್ಲತ್ತೆ ಅಂತ ಗ್ರೂಪಲ್ಲಿ ಹೇಳೋರು ಈ ಒಂದು ಭಾಗಾಕಾರ ಮಾಡಿಲ್ಲ.

ಇನ್ನೂ ಒಂದು ಇದೆ. ರೈಟ್ಸಿಗೆ ಲೆಟರ್ ಆಫ್ ಆಫರ್ ಅಂತ ಒಂದು ದೊಡ್ಡ ಪಿಡಿಎಫ್ ಬರತ್ತೆ, ಬಿಎಸ್‌ಇ, ಎನ್‌ಎಸ್‌ಇ ಸೈಟಲ್ಲಿ ಸಿಗತ್ತೆ, ಅದರಲ್ಲಿ ಆಬ್ಜೆಕ್ಟ್ಸ್ ಆಫ್ ದಿ ಇಶ್ಯೂ ಅನ್ನೋ ಭಾಗ ದಯವಿಟ್ಟು ಓದಿ. ಎತ್ತಿದ ದುಡ್ಡು ಯಾರಿಗೆ ಹೋಗತ್ತೆ ಅಂತ ಅಲ್ಲಿರತ್ತೆ. ಕೆಲವು ಕಂಪನಿಗಳಲ್ಲಿ ಪ್ರಮೋಟರು, ಅಂದ್ರೆ ಕಂಪನಿ ಶುರುಮಾಡಿ ನಡೆಸೋ ಮಾಲೀಕರು, ಹಿಂದೆ ಕಂಪನಿಗೆ ಕೊಟ್ಟಿದ್ದ ಕೈಸಾಲವನ್ನೇ ರೈಟ್ಸ್ ದುಡ್ಡು ಅಂತ ಅಡ್ಜಸ್ಟ್ ಮಾಡ್ಕೊಳ್ತಾರೆ, ಅಂದ್ರೆ ಅವರ ಕಡೆಯಿಂದ ಹೊಸದಾಗಿ ಒಂದು ರೂಪಾಯಿನೂ ಬರಲ್ಲ, ನಿಜವಾದ ನಗದು ಹಾಕೋರು ನಿಮ್ಮಂಥವರು ಮಾತ್ರ. ಇನ್ನು ಕೆಲವು ಕಡೆ ಪಬ್ಲಿಕ್ಕಿಂದ ಬಂದ ದುಡ್ಡು ನೇರ ಪ್ರಮೋಟರ್ ಕೈಸಾಲ ತೀರಿಸೋಕೇ ಹೋಗತ್ತೆ. ಕಾನೂನು ಪ್ರಕಾರ ಬರೆದು ಹೇಳಿ ಮಾಡಿದ್ರೆ ಅದರಲ್ಲಿ ತಪ್ಪಿಲ್ಲ, ಆದ್ರೆ ಅದು ಗೊತ್ತಿದ್ದೂ ನಿಮ್ಮ ಮಗಳ ಫೀಸಿನ ದುಡ್ಡು ಅಲ್ಲಿಗೆ ಕಳಿಸ್ತೀರಾ?

ಈಗ ಆ 4,000 ಕೋಟಿ ಲ್ಯಾಂಡ್ ಬ್ಯಾಂಕು. ಬಿಲ್ಡರ್ ಶೇರಲ್ಲಿ ನಮ್ಮ ಜನ ಮರುಳಾಗೋದೇ ಇಲ್ಲಿ, ಯಾಕಂದ್ರೆ ಭೂಮಿ ಅಂದ್ರೆ ನಮಗೆ ನಂಬಿಕೆ, ಸೈಟು ಜಮೀನು ಎಲ್ಲಿ ಓಡಿಹೋಗತ್ತೆ ಅಂತ. ಓಡಿಹೋಗಲ್ಲ ನಿಜ. ಆದ್ರೆ ಅದು ಕಂಪನಿದೇನಾ ಅಂತ ಮೊದಲು ನೋಡ್ಬೇಕು. ಬೆಂಗಳೂರು ಕಡೆ ಬಿಲ್ಡರುಗಳ ಎಷ್ಟೋ ಪ್ರಾಜೆಕ್ಟು ಜಾಯಿಂಟ್ ಡೆವಲಪ್ಮೆಂಟು, ಜಮೀನು ಮಾಲೀಕನದು, ಕಂಪನಿ ಕಟ್ಟಿಕೊಟ್ಟು ಅದರಲ್ಲೊಂದು ಪಾಲು ತಗೊಳತ್ತೆ ಅಷ್ಟೇ, ಆದ್ರೆ ಪ್ರೆಸೆಂಟೇಶನಲ್ಲಿ ಅಷ್ಟೂ ಎಕರೆ ನಮ್ಮದು ಅನ್ನೋ ಥರ ಬರೆದಿರತ್ತೆ. ಇನ್ನು ಕೆಲವು ಕನ್ವರ್ಶನ್ ಆಗದೇ ಇರೋ ಕೃಷಿ ಜಮೀನು, ಕೆಲವು ಕೇಸಲ್ಲಿರತ್ತೆ, ಕೆಲವಕ್ಕೆ ಅಡ್ವಾನ್ಸ್ ಮಾತ್ರ ಕೊಟ್ಟಿರ್ತಾರೆ, ಕೆಲವು ಕೆರೆ ರಾಜಕಾಲುವೆ ಬಫರಲ್ಲಿ ಸಿಕ್ಕಿ ಅರ್ಧ ಕಟ್ಟೋಕೇ ಬರಲ್ಲ. ಕಂಪನಿದೇ ಸ್ವಂತ ಆಗಿರೋ ಒಳ್ಳೆ ಜಾಗ ಇದ್ರೆ ಅದು ಯಾವುದೋ ಬ್ಯಾಂಕಿಗೋ ಎನ್‌ಬಿಎಫ್‌ಸಿಗೋ ಅಡಮಾನ ಆಗಿರತ್ತೆ, 1,850 ಕೋಟಿ ಸಾಲ ಸುಮ್ನೆ ಕೊಟ್ಟಿರಲ್ವಲ್ಲ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿ ಇಂಡೆಕ್ಸ್ ಆಫ್ ಚಾರ್ಜಸ್ ಅಂತ ನೋಡಿ, ಯಾರ ಹತ್ರ ಎಷ್ಟಕ್ಕೆ ಅಡಮಾನ ಇದೆ, ಯಾವುದು ತೀರಿದೆ ಯಾವುದು ಇಲ್ಲ ಅಂತ ಸಾಲಾಗಿ ಸಿಗತ್ತೆ. ಹತ್ತು ನಿಮಿಷದ ಕೆಲಸ, ಗ್ರೂಪಲ್ಲಿ ಎರಡು ವರ್ಷ ಕೂತು ಓದಿದ್ದಕ್ಕಿಂತ ಜಾಸ್ತಿ ಗೊತ್ತಾಗತ್ತೆ.

ಸರಿ, 4,000 ಕೋಟಿ ಅಂತಾನೇ ಒಪ್ಕೊಳ್ಳೋಣ. ಕಷ್ಟದಲ್ಲಿ ಮಾರೋನಿಗೆ ಪೂರ್ತಿ ರೇಟು ಯಾರೂ ಕೊಡಲ್ಲ, ಇದು ಊರಲ್ಲಿ ಒಂದು ಎಕರೆ ಮಾರಿದವರಿಗೂ ಗೊತ್ತು. ಅರ್ಧಕ್ಕೆ ಹೋಯ್ತು ಅಂದ್ಕೊಳ್ಳಿ, 2,000 ಕೋಟಿ. ಸಾಲ 1,850 ಕಳೆದ್ರೆ ಉಳಿದಿದ್ದು 150. ನೀವು ಕಳಿಸಿದ ಬ್ಯಾಲೆನ್ಸ್ ಶೀಟಲ್ಲಿ ಗ್ರಾಹಕರ ಅಡ್ವಾನ್ಸ್ ಅಂತ 900 ಕೋಟಿ ಇದೆ ನೋಡಿ, ಅದು ನಿಮ್ಮ ಬಾಮೈದನ ಥರದವರು ಕೊಟ್ಟಿದ್ದು. ಆ ದುಡ್ಡು ಖರ್ಚಾಗಿದೆ, ಮನೆ ಕಟ್ಟಿಕೊಡೋ ಬಾಧ್ಯತೆ ಮಾತ್ರ ಉಳಿದಿದೆ. ಅದನ್ನ ಪೂರೈಸೋಕೆ ಇನ್ನೂ ಸಿಮೆಂಟು ಕಬ್ಬಿಣ ಕೂಲಿ ಎಲ್ಲಾ ಬೇಕು. 150 ಕೋಟಿ ಎಲ್ಲಿ ಹೋಯ್ತು ಅಂತ ನಾನು ಹೇಳ್ಬೇಕಾಗಿಲ್ಲ. ಶೇರುದಾರನಿಗೆ ಉಳಿಯೋದು ಸೊನ್ನೆಗಿಂತ ಕೆಳಗೆ. ಪೂರ್ತಿ 4,000ಕ್ಕೇ ಮಾರಿದ್ರೆ ಏನೋ ಸಿಗತ್ತೆ, ಆಗಲೂ ರೈಟ್ಸ್ ಆದಮೇಲೆ ಅದು 30 ಕೋಟಿ ಶೇರಿಗಲ್ಲ, 60 ಕೋಟಿ ಶೇರಿಗೆ ಹಂಚಿಹೋಗತ್ತೆ.

ಕಾನೂನಲ್ಲೇ ಸಾಲು ಹೀಗಿದೆ. 2016ರ ದಿವಾಳಿ ಸಂಹಿತೆ, ಜನ ಐಬಿಸಿ ಅಂತಾರಲ್ಲ, ಅದರ 53ನೇ ಸೆಕ್ಷನ್ನು ಕಂಪನಿ ಮುಚ್ಚಿದ್ರೆ ಯಾರಿಗೆ ಮೊದಲು ಯಾರಿಗೆ ಆಮೇಲೆ ಅಂತ ಬರೆದಿದೆ. ಮೊದಲು ಆ ಪ್ರಕ್ರಿಯೆ ಖರ್ಚು, ಆಮೇಲೆ ಅಡಮಾನ ಇಟ್ಕೊಂಡು ಸಾಲ ಕೊಟ್ಟವರು ಮತ್ತು ಕಾರ್ಮಿಕರ 24 ತಿಂಗಳ ಬಾಕಿ, ಆಮೇಲೆ ಉಳಿದ ನೌಕರರ ಸಂಬಳ ಬಾಕಿ, ಆಮೇಲೆ ಅಡಮಾನ ಇಲ್ಲದೇ ಹಣಕಾಸು ಸಾಲ ಕೊಟ್ಟವರು, ಆಮೇಲೆ ಸರ್ಕಾರದ ಬಾಕಿ, ಉಳಿದ ಬಾಕಿದಾರರು, ಪ್ರಿಫರೆನ್ಸ್ ಶೇರಿನವರು, ಎಲ್ಲಾರದೂ ಆದಮೇಲೆ ನೀವು. ಮದುವೆ ಊಟದಲ್ಲಿ ಕೊನೇ ಪಂಕ್ತೀಲಿ ಕೂತಿದೀರಿ, ಒಳಗೆ ಅನ್ನ ಖಾಲಿ ಆಗಿದೆಯೋ ಇಲ್ವೋ ನೋಡದೇ ಇನ್ನೊಂದು ಎಲೆ ಹಾಕಿಸ್ಕೊಳ್ತಿದೀರಿ.

ನಿಮ್ಮ ಬಾಮೈದ ನಿಮಗಿಂತ ಎಷ್ಟೋ ಮುಂದಿನ ಸಾಲಲ್ಲಿದ್ದಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 2018ರ ಜೂನಲ್ಲಿ ಐಬಿಸಿಗೆ ತಿದ್ದುಪಡಿ ತಂದು ಮನೆ ಬುಕ್ ಮಾಡಿದವರನ್ನೂ ಹಣಕಾಸು ಸಾಲ ಕೊಟ್ಟವರು ಅಂತ ಮಾಡಿದ್ರು, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. ಅಂದ್ರೆ ಸಾಲ ಕೊಟ್ಟವರ ಸಮಿತೀಲಿ ಅವರಿಗೆ ಓಟಿದೆ. ನಿಮಗಿಲ್ಲ. ಕಂಪನಿ ಯಾರ ಕೈಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋವಾಗ ಅವರ ಪರವಾಗಿ ಒಬ್ಬ ಪ್ರತಿನಿಧಿ ಕೂತಿರ್ತಾನೆ, ಸಣ್ಣ ಶೇರುದಾರನ ಪರವಾಗಿ ಯಾರೂ ಕೂತಿರಲ್ಲ.

ಇದು ಪುಸ್ತಕದ ಮಾತಲ್ಲ ಅನ್ನೋಕೆ ಡಿಎಚ್‌ಎಫ್‌ಎಲ್ ನೆನಪು ಮಾಡ್ಕೊಳ್ಳಿ. ಅದು ಬಿಲ್ಡರ್ ಅಲ್ಲ, ಹೋಮ್ ಲೋನ್ ಕೊಡೋ ಕಂಪನಿ, ಆದ್ರೆ ಶೇರುದಾರರಿಗೆ ಆದದ್ದು ನಿಮಗೆ ನೇರ ಅನ್ವಯಿಸತ್ತೆ. 2019ರ ನವೆಂಬರಲ್ಲಿ ರಿಸರ್ವ್ ಬ್ಯಾಂಕು ಅದರ ಬೋರ್ಡ್ ತೆಗೆದುಹಾಕಿ ಎನ್‌ಸಿಎಲ್‌ಟಿಗೆ ಕಳಿಸ್ತು. 2021ರ ಜೂನ್ 7ಕ್ಕೆ ಪಿರಾಮಲ್‌ನವರ ಪ್ಲ್ಯಾನಿಗೆ ಒಪ್ಪಿಗೆ ಸಿಕ್ತು, ಒಟ್ಟು ಸುಮಾರು 34,250 ಕೋಟಿ ಮೌಲ್ಯದ್ದು. ಸುದ್ದಿ ಬಂದ ಕೂಡ್ಲೇ ಶೇರು ಅಪ್ಪರ್ ಸರ್ಕ್ಯೂಟ್, ಅಂದ್ರೆ ಒಂದು ದಿನಕ್ಕೆ ಎಷ್ಟು ಏರೋಕೆ ಬಿಡ್ತಾರೋ ಅಷ್ಟೂ ಏರಿಕೆ! ದೊಡ್ಡ ಕಂಪನಿ ತಗೊಳ್ತಿದೆ, ಇನ್ನು ಹಾರತ್ತೆ ಅಂತ ಜನ ನುಗ್ಗಿ ತಗೊಂಡ್ರು. ಪ್ಲ್ಯಾನಲ್ಲಿ ಹಳೇ ಶೇರುಗಳ ಬೆಲೆ ಸೊನ್ನೆ, ಡಿಲಿಸ್ಟ್ ಮಾಡ್ತೀವಿ (ಎಕ್ಸ್‌ಚೇಂಜಿಂದ ತೆಗೀತೀವಿ) ಅಂತ ಇತ್ತು. ಜೂನ್ 14ಕ್ಕೆ ಎಕ್ಸ್‌ಚೇಂಜುಗಳು ಟ್ರೇಡಿಂಗ್ ನಿಲ್ಲಿಸಿದ್ವು. ಹಿಂದಿನ ವಾರ ಅಪ್ಪರ್ ಸರ್ಕ್ಯೂಟಲ್ಲಿ ಖುಷಿಯಾಗಿ ತಗೊಂಡವರ ಡಿಮ್ಯಾಟಲ್ಲಿ ಏನೂ ಉಳೀಲಿಲ್ಲ. ಬ್ಯಾಂಕುಗಳಿಗೇ ಪೂರ್ತಿ ಬಾಕಿ ಬರ್ಲಿಲ್ಲ, ಇನ್ನು ಶೇರುದಾರರಿಗೆ ಎಲ್ಲಿಂದ ಬರತ್ತೆ? ಕಂಪನಿ ಉಳೀತು, ವ್ಯವಹಾರ ನಡೀತು, ಶೇರುದಾರ ಮಾತ್ರ ಹೋದ. ನಾನು ಮೊದಲೇ ಹೇಳಿದ್ದು ಇದನ್ನೇ.

ಆದ್ರೆ ಡಿಎಲ್‌ಎಫ್ ವಾಪಸ್ ಬಂತಲ್ಲ ಸಾರ್ ಅಂತ ನೀವು ಕೇಳೇ ಕೇಳ್ತೀರಿ, ಗ್ರೂಪಲ್ಲೂ ಅದೇ ಉದಾಹರಣೆ ಕೊಡ್ತಾರೆ. ಬಂತು. ಯಾಕೆ ಬಂತು ಅಂತ ನೋಡಿದ್ರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರ ಇದೆ. ಅದನ್ನ ಯೂನಿಟೆಕ್ ಪಕ್ಕದಲ್ಲಿಟ್ಟು ನೋಡ್ಬೇಕು, ಎರಡೂ ದೆಹಲಿ ಗುರ್‌ಗಾಂವ್ ಕಡೆಯ ದೊಡ್ಡ ಬಿಲ್ಡರುಗಳು, ಎರಡೂ 2008ರ ಜನವರೀಲಿ ಆಕಾಶದಲ್ಲಿದ್ವು, ಎರಡಕ್ಕೂ ಭಾರಿ ಲ್ಯಾಂಡ್ ಬ್ಯಾಂಕ್ ಇದೆ ಅಂತಾನೇ ಜನ ತಗೊಂಡಿದ್ದು.

ಡಿಎಲ್‌ಎಫ್ 2007ರ ಜೂನಲ್ಲಿ 525 ರೂಪಾಯಿಗೆ ಐಪಿಒ ಬಂತು, 9,000 ಕೋಟಿಗೂ ಮೇಲೆ ಎತ್ತಿದ್ರು. ಆರೇಳು ತಿಂಗಳಲ್ಲಿ 1,200 ಆಸುಪಾಸು ಹೋಯ್ತು, ಆಮೇಲೆ ಬಿತ್ತು, ಬೀಳ್ತಾ ಬೀಳ್ತಾ 2016ರ ಫೆಬ್ರವರೀಲಿ 100ಕ್ಕಿಂತ ಕೆಳಗೆ ಬಂತು. ಸಾಲ 20,000 ಕೋಟಿ ದಾಟಿತ್ತು. ಆದ್ರೆ ಅವರ ಹತ್ರ ಎರಡು ಇದ್ವು. ಒಂದು, ಸೈಬರ್ ಸಿಟಿ ಥರದ ಆಫೀಸು ಕಟ್ಟಡಗಳಿಂದ ತಿಂಗಳು ತಿಂಗಳು ಬರೋ ಬಾಡಿಗೆ, ಫ್ಲ್ಯಾಟ್ ಮಾರಾಟ ನಿಂತ್ರೂ ಅದು ನಿಲ್ಲಲ್ಲ. ಇನ್ನೊಂದು, ನಿಜವಾಗಿ ಮಾರಿದ್ರು. ಮುಂಬೈ ಲೋವರ್ ಪರೇಲ್‌ನ ಎನ್‌ಟಿಸಿ ಮಿಲ್ ಜಾಗ 2005ರಲ್ಲಿ 702 ಕೋಟಿಗೆ ತಗೊಂಡಿದ್ದನ್ನ 2012ರಲ್ಲಿ 2,727 ಕೋಟಿಗೆ ಲೋಧಾ ಗ್ರೂಪಿಗೆ ಕೊಟ್ರು, ಅಮನ್ ರೆಸಾರ್ಟ್ಸ್ ಮಾರಿದ್ರು, 2017ರಲ್ಲಿ ಬಾಡಿಗೆ ಕಂಪನಿಯ ಮೂರನೇ ಒಂದು ಪಾಲನ್ನ ಸಿಂಗಾಪುರದ ಜಿಐಸಿಗೆ ಕೊಟ್ರು, ಆ ವ್ಯವಹಾರದಲ್ಲಿ ಪ್ರಮೋಟರಿಗೆ ಬಂದ ದುಡ್ಡಲ್ಲಿ ದೊಡ್ಡ ಭಾಗ ಡಿಎಲ್‌ಎಫ್ ಒಳಗೇ ವಾಪಸ್ ಬಂತು. ಪ್ರಮೋಟರು ತಮ್ಮ ನಗದು ತಂದು ಹಾಕಿದ್ರು, ಇದಕ್ಕೆ ಅಂಡರ್‌ಲೈನ್ ಮಾಡ್ಕೊಳ್ಳಿ. ಇಷ್ಟೆಲ್ಲಾ ಆಗಿಯೂ ಐಪಿಒದ 525 ಮತ್ತೆ ಕಾಣೋಕೆ 2023 ಬರ್ಬೇಕಾಯ್ತು. ಐಪಿಒದಲ್ಲಿ ತಗೊಂಡು ಇಟ್ಕೊಂಡವನಿಗೆ 16 ವರ್ಷ ಆಯ್ತು ಅಸಲು ಬರೋಕೆ, ಅಷ್ಟರಲ್ಲಿ ಬ್ಯಾಂಕ್ ಎಫ್‌ಡಿ ಎರಡು ಪಟ್ಟು ಮೀರಿ ಬೆಳೆದಿರತ್ತೆ. ಇದು ವಾಪಸ್ ಬಂದ ಕಂಪನಿ ಕತೆ!

ಯೂನಿಟೆಕ್ಕು 500 ರೂಪಾಯಿ ದಾಟಿದ್ದ ಶೇರು. 2008ರಲ್ಲಿ ಮಾರ್ಕೆಟ್ ಬಿದ್ದಾಗ ಕೈಯಲ್ಲಿ ದುಡ್ಡಿಲ್ಲ, ಮೇಲಿಂದ ಟೆಲಿಕಾಂಗೂ ಕೈ ಹಾಕಿದ್ರು. 2009ರಲ್ಲಿ ಎರಡು ಸಲ ಕ್ಯೂಐಪಿ ಮಾಡಿ ದೊಡ್ಡ ಸಂಸ್ಥೆಗಳಿಗೆ ಹೊಸ ಶೇರು ಕೊಟ್ಟು ದುಡ್ಡೆತ್ತಿದ್ರು, ಪ್ರಮೋಟರಿಗೆ ಆಮೇಲೆ ಶೇರಾಗೋ ವಾರಂಟೂ ಬಂತು, 162 ಕೋಟಿ ಇದ್ದ ಶೇರು 261 ಕೋಟಿ ಆಯ್ತು. ಆವಾಗ ಎಲ್ಲಾರೂ ಅಬ್ಬಾ ಬದುಕ್ತು ಅಂದ್ರು, ಶೇರೂ ಏರಿತ್ತು. ಆಮೇಲೆ 2012ರ ಫೆಬ್ರವರೀಲಿ ಸುಪ್ರೀಂ ಕೋರ್ಟು 2ಜಿಯ 122 ಲೈಸೆನ್ಸ್ ರದ್ದು ಮಾಡ್ತು, ಅದರಲ್ಲಿ ಇವರದೂ ಇತ್ತು. ಮನೆ ಕೊಡಲಿಲ್ಲ ಅಂತ ಗ್ರಾಹಕರು ಕೋರ್ಟಿಗೆ ಹೋದ್ರು, 2017ರಲ್ಲಿ ಪ್ರಮೋಟರು ಅರೆಸ್ಟ್ ಆದ್ರು. ಸುಪ್ರೀಂ ಕೋರ್ಟ್ ಮಾಡಿಸಿದ ಫೊರೆನ್ಸಿಕ್ ಆಡಿಟಲ್ಲಿ ಬಂದದ್ದೇನಂದ್ರೆ 74 ಪ್ರಾಜೆಕ್ಟಿಗೆ ಸುಮಾರು 29,800 ಜನ ಗ್ರಾಹಕರು ಸುಮಾರು 14,270 ಕೋಟಿ ಕೊಟ್ಟಿದ್ರು, ಅದರಲ್ಲಿ ಸುಮಾರು 5,063 ಕೋಟಿ ಆ ಪ್ರಾಜೆಕ್ಟುಗಳಿಗೆ ಬಳಕೇನೇ ಆಗಿಲ್ಲ. 2020ರ ಜನವರಿ 20ಕ್ಕೆ ಕೇಂದ್ರ ಸರ್ಕಾರದ ಹೊಸ ಬೋರ್ಡಿಗೆ ಕಂಪನಿ ಕೊಟ್ರು. ಆ ವರ್ಷ ಮಾರ್ಚಲ್ಲಿ ಶೇರು ಒಂದು ರೂಪಾಯಿ ಆಸುಪಾಸು. ಲ್ಯಾಂಡ್ ಬ್ಯಾಂಕು ಎಲ್ಲೂ ಓಡಿಹೋಗಿರ್ಲಿಲ್ಲ ನೋಡಿ, ಅಲ್ಲೇ ಇತ್ತು, ಆದ್ರೆ ಮನೆ ಬುಕ್ ಮಾಡಿದವರು, ನೋಯ್ಡಾ ಪ್ರಾಧಿಕಾರದ ಬಾಕಿ, ಬ್ಯಾಂಕು, ಎಫ್‌ಡಿ ಇಟ್ಟವರು ಎಲ್ಲಾ ಅದರ ಮುಂದೆ ನಿಂತಿದ್ರು. ಒಂದು ರೂಪಾಯಲ್ಲಿ ತಗೊಂಡವರಿಗೆ ಆಮೇಲೆ ಕೆಲವು ಪಟ್ಟು ಆಗಿದ್ದೂ ನಿಜ, ಅದನ್ನ ಮುಚ್ಚಿಡಲ್ಲ. 300ರಿಂದ ಆವರೇಜ್ ಮಾಡ್ತಾ ಬಂದವನಿಗೆ ಅದರಿಂದ ಏನಾಯ್ತು ಹೇಳಿ.

ಯೂನಿಟೆಕ್ಕಲ್ಲಿ ಪ್ರಮೋಟರ್ ಪಾಲು 2008ರಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಇದ್ದದ್ದು ಕೊನೆಗೆ ಶೇಕಡಾ 5ರ ಆಸುಪಾಸಿಗೆ ಬಂತು. ಸಾಲಕ್ಕೆ ಪ್ಲೆಡ್ಜ್ (ಅಡಮಾನ) ಇಟ್ಟಿದ್ದ ಶೇರುಗಳೂ ಹೋದ್ವು. ಅವರ ಕೈಯಿಂದ ಹೋದದ್ದೆಲ್ಲಾ ಯಾರ ಹತ್ರ ಬಂತು? ಕಡಿಮೆಗೆ ಸಿಕ್ತು ಅಂತ ತಗೊಂಡ ಸಣ್ಣ ಜನರ ಹತ್ರ. ನಿಮ್ಮ ಕಂಪನೀಲಿ ಪ್ರಮೋಟರ್ ಶೇರಿನ 88 ಪರ್ಸೆಂಟ್ ಪ್ಲೆಡ್ಜಲ್ಲಿದೆ ಅಂತ ನೀವೇ ಕಳಿಸಿದ ಶೇರ್‌ಹೋಲ್ಡಿಂಗ್ ಪ್ಯಾಟರ್ನಲ್ಲಿ ಇದೆ, ಅದನ್ನ ನೋಡಿಯೂ ಗಾಬರಿ ಆಗದೇ ಇರೋದೇ ನನಗೆ ಗಾಬರಿ. ಬೆಲೆ ಇನ್ನೊಂದಿಷ್ಟು ಬಿದ್ರೆ ಸಾಲ ಕೊಟ್ಟವನು ಜಾಸ್ತಿ ಭದ್ರತೆ ಕೇಳ್ತಾನೆ, ಕೊಡೋಕಾಗಲ್ಲ, ಆಗ ಅವನು ಶೇರು ಮಾರ್ಕೆಟಿಗೆ ಸುರೀತಾನೆ, ದಿನಾ ಲೋವರ್ ಸರ್ಕ್ಯೂಟು, ನೀವು ಮಾರ್ತೀನಿ ಅಂದ್ರೂ ತಗೊಳ್ಳೋರೇ ಇರಲ್ಲ. ಎನ್‌ಸಿಎಲ್‌ಟಿ ಅರ್ಜಿ ಒಪ್ಕೊಂಡ ದಿನ ಇದು ಇನ್ನೂ ಜೋರಾಗತ್ತೆ. ಬೋರ್ಡಿನ ಅಧಿಕಾರ ನಿಂತು ಕಂಪನಿ ನೋಡ್ಕೊಳ್ಳೋಕೆ ಒಬ್ಬ ರೆಸಲ್ಯೂಶನ್ ಪ್ರೊಫೆಶನಲ್ ಬರ್ತಾರೆ, ಎಕ್ಸ್‌ಚೇಂಜು ಶೇರನ್ನ ಸರ್ವೇಲೆನ್ಸಿಗೆ (ವಿಶೇಷ ನಿಗಾ) ಹಾಕತ್ತೆ. ಮಾರೋ ಬಾಗಿಲು ತೆರೆದಿರೋವಾಗ್ಲೇ ನಿರ್ಧಾರ ಮಾಡಿ ಅಂತ ನಾನು ಒತ್ತಿ ಹೇಳೋದು ಅದಕ್ಕೆ.

ಕಂಪನಿ ಲಾಭ ತೋರಿಸ್ತಿದೆಯಲ್ಲ ಅಂತ ಕೇಳಿದೀರಿ. ಬಿಲ್ಡರುಗಳ ಲಾಭನ ಬೇರೆ ಕಂಪನಿ ಥರ ಓದ್ಬೇಡಿ. 2018ರ ಏಪ್ರಿಲಿಂದ ಹೊಸ ಅಕೌಂಟಿಂಗ್ ಸ್ಟ್ಯಾಂಡರ್ಡು, ಇಂಡ್ ಎಎಸ್ 115, ಬಂದಮೇಲೆ ಬಹಳ ಬಿಲ್ಡರುಗಳು ಫ್ಲ್ಯಾಟ್ ಮುಗಿಸಿ ಕೈಗೆ ಕೊಟ್ಟಾಗ ಆದಾಯ ತೋರಿಸ್ತಾರೆ. ಅಂದ್ರೆ ಈ ಕ್ವಾರ್ಟರಲ್ಲಿ ಕಾಣೋ ಲಾಭ ನಾಲ್ಕೈದು ವರ್ಷದ ಹಿಂದೆ ಮಾರಿದ್ದು, ಆ ದುಡ್ಡು ಯಾವಾಗ್ಲೋ ಬಂದು ಯಾವಾಗ್ಲೋ ಖರ್ಚಾಗಿದೆ. ಅದರ ಮೇಲೆ ಬಡ್ಡಿ. ಕಟ್ತಾ ಇರೋ ಪ್ರಾಜೆಕ್ಟಿನ ಬಡ್ಡಿನ ಖರ್ಚು ಅಂತ ತೋರಿಸದೇ ಪ್ರಾಜೆಕ್ಟಿನ ಬೆಲೆಗೇ ಸೇರಿಸೋಕೆ ಅವಕಾಶ ಇದೆ, ಹಾಗಾಗಿ ಲಾಭನಷ್ಟದ ಪಟ್ಟೀಲಿ ಬಡ್ಡಿ ಚಿಕ್ಕದಾಗಿ ಕಾಣತ್ತೆ, ಕ್ಯಾಶ್ ಫ್ಲೋ ಪಟ್ಟೀಲಿ ಬಡ್ಡಿ ಪಾವತಿ ಅನ್ನೋ ಸಾಲು ನೋಡಿದ್ರೆ ಅಸಲಿ ಬಡ್ಡಿ ಸಿಗತ್ತೆ. ನಿಮ್ಮ ಕಂಪನಿದು ನಾನು ನೋಡ್ದೆ, ಲಾಭ 12 ಕೋಟಿ ತೋರಿಸಿದಾರೆ, ಕಟ್ಟಿದ ಬಡ್ಡಿ 140 ಕೋಟಿ. ಮೇಲಿನ ಲೆಕ್ಕದಲ್ಲಿ ಆಗ್ಬೇಕಾಗಿದ್ದು ಹತ್ತತ್ರ 240, ಉಳಿದ 100 ಏನಾಯ್ತು? ಕಟ್ಟಿಲ್ಲ, ಬಾಕಿ ಬಿದ್ದಿದೆ ಅಂತಾನೇ ನಾನು ಓದೋದು. ರೇಟಿಂಗ್ ಏಜೆನ್ಸಿ ಡಿ (ಸಾಲ ಕಟ್ಟೋದು ತಪ್ಪಿದೆ ಅಂತ) ಕೊಟ್ಟಿದೆ, ಜೊತೆಗೆ ಇಶ್ಯೂಯರ್ ನಾಟ್ ಕೋಆಪರೇಟಿಂಗ್ ಅಂತ ಬರೆದಿದೆ, ಅಂದ್ರೆ ಕಂಪನಿ ಅವರಿಗೆ ಮಾಹಿತೀನೇ ಕೊಡ್ತಿಲ್ಲ. 2020ರಿಂದ ಬ್ಯಾಂಕ್ ಸಾಲ 30 ದಿನಕ್ಕಿಂತ ಜಾಸ್ತಿ ತಪ್ಪಿದ್ರೆ ಲಿಸ್ಟೆಡ್ ಕಂಪನಿ ಎಕ್ಸ್‌ಚೇಂಜಿಗೆ ಹೇಳ್ಲೇಬೇಕು, ನಿಮ್ಮ ಕಂಪನಿದು ಆ ಫೈಲಿಂಗ್ ಇದೆ, ಅನೌನ್ಸ್‌ಮೆಂಟ್ ಪಟ್ಟೀಲಿ ಸ್ವಲ್ಪ ಕೆಳಗೆ ಹೋಗಿ. ಆಡಿಟರ್ ವರದೀಲಿ ಗೋಯಿಂಗ್ ಕನ್ಸರ್ನ್ ಬಗ್ಗೆ ಒಂದು ಪ್ಯಾರಾ ಇದೆ, ಕಂಪನಿ ಮುಂದುವರಿಯೋದರ ಬಗ್ಗೆ ಗಂಭೀರ ಅನುಮಾನ ಇದೆ ಅಂತ ಅದರ ಅರ್ಥ, ಆಡಿಟರು ಇಂಥದನ್ನ ಸುಮ್ಮನೆ ಬರೆಯಲ್ಲ.

ಪ್ರಾಜೆಕ್ಟ್ ನಿಜವಾಗಿ ಏಳ್ತಿದೆಯಾ ಅಂತ ತಿಳ್ಕೊಳ್ಳೋಕೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿದೆ, ಬಿಲ್ಡರು ಮೂರು ತಿಂಗಳಿಗೊಮ್ಮೆ ಅಲ್ಲಿ ಪ್ರಗತಿ ಹಾಕ್ಬೇಕು, ಗ್ರಾಹಕರಿಂದ ಬಂದ ದುಡ್ಡಲ್ಲಿ 70 ಪರ್ಸೆಂಟ್ ಬೇರೆ ಅಕೌಂಟಲ್ಲಿಟ್ಟು ಜಮೀನಿಗೂ ಕಟ್ಟೋದಕ್ಕೂ ಮಾತ್ರ ಬಳಸ್ಬೇಕು. ಅಪ್‌ಡೇಟೇ ಹಾಕದೇ ವರ್ಷ ಕಳೆದಿದ್ರೆ, ರೀಫಂಡ್ ಆದೇಶ ಆಗಿಯೂ ಕಟ್ಟದೇ ವಸೂಲಿಗೆ ಡಿಸಿ ಆಫೀಸಿಗೆ ರಿಕವರಿ ಸರ್ಟಿಫಿಕೇಟ್ ಹೋಗಿದ್ರೆ ಕೈಯಲ್ಲಿ ದುಡ್ಡಿಲ್ಲ ಅಂತ ತಿಳ್ಕೊಳ್ಳಿ. ಒಂದು ಭಾನುವಾರ ಬಾಮೈದನ ಜೊತೆ ಸೈಟಿಗೇ ಹೋಗಿ ನೋಡಿ, ಕ್ರೇನ್ ಓಡ್ತಿದೆಯಾ, ಎಷ್ಟು ಜನ ಕೆಲಸ ಮಾಡ್ತಿದಾರೆ, ಸೆಕ್ಯೂರಿಟಿಯವನನ್ನ ಸಂಬಳ ಸರಿಯಾಗಿ ಬರತ್ತಾ ಅಂತ ಕೇಳಿ.

ಆವರೇಜ್ ವಿಷಯ. ನಿಮ್ಮದು ಒಟ್ಟು 1,71,000 ಹಾಕಿ 4,000 ಶೇರು, ಆವರೇಜ್ 42.75. ಮಾರ್ಕೆಟಲ್ಲಿ 11ಕ್ಕೆ ಇನ್ನೂ 4,000 ತಗೊಂಡ್ರೆ ಆವರೇಜ್ 26.90ರ ಹತ್ರ ಬರತ್ತೆ, ನೋಡೋಕೆ ಚೆನ್ನಾಗಿದೆ. ಆದ್ರೆ ಇವತ್ತು ಮುಳುಗೋಕೆ ಇರೋದು 44,000, ಆಗ 88,000 ಆಗತ್ತೆ. ಆವರೇಜ್ ಅನ್ನೋದು ನಿಮ್ಮ ಆಪಲ್ಲಿ ಕಾಣೋ ಸಂಖ್ಯೆ, ಆ ಕಂಪನಿಗಾಗ್ಲಿ ಮಾರ್ಕೆಟಿಗಾಗ್ಲಿ ನೀವು 92ಕ್ಕೆ ತಗೊಂಡಿದ್ರಿ ಅಂತ ಗೊತ್ತೇ ಇಲ್ಲ. ಕೇಳ್ಕೋಬೇಕಾಗಿರೋದು ಒಂದೇ, ಇವತ್ತು ಕೈಯಲ್ಲಿ 44,000 ನಗದು ಇದ್ದು ಈ ಶೇರು ಒಂದೂ ಇಲ್ದೇ ಇದ್ರೆ, ಮೇಲೆ ಹೇಳಿದ್ದೆಲ್ಲಾ ಗೊತ್ತಿದ್ದೂ ಇದನ್ನ ತಗೊಳ್ತಿದ್ರಾ? ಇಲ್ಲ ಅಂದ್ರೆ ಮಾರಿ. ನನ್ನ ಅಭಿಪ್ರಾಯ ಕೇಳಿದೀರಿ, ಹಾಗಾಗಿ ನೇರ ಹೇಳ್ತೀನಿ, ಪೂರ್ತಿ ಮಾರ್ತಿದ್ದೆ. ಮನಸ್ಸು ಒಪ್ಪಲ್ಲ ಅಂದ್ರೆ ಮುಕ್ಕಾಲು ಭಾಗ ಮಾರಿ 1,000 ಶೇರು ಇಟ್ಕೊಳ್ಳಿ, 11,000 ರೂಪಾಯಿ ಹೋದ್ರೆ ಮನೆ ನಡಿಯೋದು ನಿಲ್ಲಲ್ಲ, ಪವಾಡ ಆದ್ರೆ ಅದರಲ್ಲೂ ನಿಮಗೆ ಪಾಲಿರತ್ತೆ. ಇಂಥ ಶೇರಲ್ಲಿ ಕೊಳ್ಳೋರು ಕಮ್ಮಿ, ಅದಕ್ಕೆ ಸಿಕ್ಕ ಬೆಲೆಗೆ ಮಾರೋ ಮಾರ್ಕೆಟ್ ಆರ್ಡರ್ ಹಾಕ್ಬೇಡಿ, ಇಷ್ಟಕ್ಕಿಂತ ಕಮ್ಮಿಗೆ ಬೇಡ ಅನ್ನೋ ಲಿಮಿಟ್ ಹಾಕಿ ಎರಡು ಮೂರು ದಿನದಲ್ಲಿ ಬಿಡಿಸಿ ಮಾರಿ.

ಯಾವ ಕಾರಣ ಸಿಕ್ಕಿದ್ರೆ ನಾನು ಮನಸ್ಸು ಬದಲಾಯಿಸ್ತಿದ್ದೆ ಅಂತನೂ ಹೇಳ್ಬೇಕು. ಪ್ರಮೋಟರು ಸ್ವಂತ ನಗದು, ಹಳೇ ಸಾಲದ ಅಡ್ಜಸ್ಟ್‌ಮೆಂಟ್ ಅಲ್ಲ, ತಂದು ಹಾಕಿದ್ರೆ. ಒಂದು ದೊಡ್ಡ ಜಾಗ ನಿಜವಾಗಿ ಮಾರಾಟ ಆಗಿ ಸಾಲ 1,850ರಿಂದ ಸಾವಿರದ ಕೆಳಗೆ ಇಳಿದದ್ದು ಬ್ಯಾಲೆನ್ಸ್ ಶೀಟಲ್ಲಿ ಕಂಡ್ರೆ, ಪ್ರೆಸ್ ನೋಟಲ್ಲಿ ಅಲ್ಲ. ಬ್ಯಾಂಕು ತಾನೇ ಎನ್‌ಸಿಎಲ್‌ಟಿ ಅರ್ಜಿ ವಾಪಸ್ ತಗೊಂಡ್ರೆ. ಆಗ ಶೇರು 11 ಇರಲ್ಲ, 18 ಇರಬಹುದು, ಪರವಾಗಿಲ್ಲ, ಆವಾಗ 18 ಕೊಟ್ಟು ತಗೊಳ್ಳೋದು ಈಗ 11 ಕೊಡೋದಕ್ಕಿಂತ ಕ್ಷೇಮ.

ಟೆಲಿಗ್ರಾಂ ಗ್ರೂಪ್ ನಡೆಸೋರನ್ನ ಅವರ ಸೆಬಿ ನಂಬರ್ ಕೇಳಿ, ರಿಸರ್ಚ್ ಅನಲಿಸ್ಟ್ ಆದ್ರೆ ಐಎನ್‌ಎಚ್, ಅಡ್ವೈಸರ್ ಆದ್ರೆ ಐಎನ್‌ಎ ಅಂತ ಶುರುವಾಗತ್ತೆ, ಸೆಬಿ ಸೈಟಲ್ಲಿ ಹಾಕಿ ನೋಡಬಹುದು. ಕೇಳಿದ್ದಕ್ಕೆ ಗ್ರೂಪಿಂದ ತೆಗೆದುಹಾಕಿದ್ರೆ ಬೇಜಾರು ಮಾಡ್ಕೋಬೇಡಿ.

ಟ್ಯಾಕ್ಸ್ ಕಡೆಯಿಂದಲೂ ಈಗ ಮಾರೋದೇ ಒಳ್ಳೇದು. ಎಲ್ಲಾ ಮಾರಿದ್ರೆ ನಿಮ್ಮ ನಷ್ಟ 1,27,000. ವರ್ಷಕ್ಕಿಂತ ಹಳೇ ಶೇರಿನ ನಷ್ಟ ಲಾಂಗ್ ಟರ್ಮ್, ಅದನ್ನ ಲಾಂಗ್ ಟರ್ಮ್ ಲಾಭದಿಂದ ಮಾತ್ರ ಕಳೀಬಹುದು. ವರ್ಷದೊಳಗಿನದಾದ್ರೆ ಎರಡರಿಂದಲೂ. ಉಳಿದದ್ದನ್ನ 8 ವರ್ಷ ಮುಂದಕ್ಕೆ ಒಯ್ಯಬಹುದು, ಆದ್ರೆ ಗಡುವಿನೊಳಗೆ ರಿಟರ್ನ್ ಹಾಕಿರ್ಬೇಕು. ಡಿಮ್ಯಾಟಲ್ಲಿ ಮೊದಲು ತಗೊಂಡಿದ್ದೇ ಮೊದಲು ಮಾರಾಟ ಆಯ್ತು ಅಂತ ಲೆಕ್ಕ, ಹಾಗಾಗಿ 92ರ ಶೇರುಗಳು ಮೊದಲು ಹೋಗ್ತವೆ, ಸ್ವಲ್ಪ ಮಾರಿದ್ರೂ ದೊಡ್ಡ ನಷ್ಟ ಪುಸ್ತಕಕ್ಕೆ ಬರತ್ತೆ. ಕಂಪನಿ ಎನ್‌ಸಿಎಲ್‌ಟೀಲಿ ಡಿಲಿಸ್ಟ್ ಆಗಿ ಶೇರು ಸುಮ್ನೆ ಅಳಿಸಿಹೋದ್ರೆ ಮಾರಾಟ ಅನ್ನೋದೇ ನಡೆದಿರಲ್ಲ, ಆ ನಷ್ಟ ಕ್ಲೇಮ್ ಮಾಡೋದು ದೊಡ್ಡ ತಗಾದೆ.

ಇನ್ನು ರೈಟ್ಸು. ಬೇಡ ಅಂತ ಸುಮ್ನೆ ಬಿಟ್ಟುಬಿಡ್ಬೇಡಿ, ಇಲ್ಲಿ ಬಹಳ ಜನ ದುಡ್ಡು ಕಳ್ಕೊಳ್ತಾರೆ. 11ರ ಒಂದು ಶೇರು, 7ರ ಒಂದು ಶೇರು ಸೇರಿದ್ರೆ 18ಕ್ಕೆ ಎರಡು, ಅಂದ್ರೆ ರೈಟ್ಸ್ ಆದಮೇಲೆ ಬೆಲೆ ಲೆಕ್ಕದಲ್ಲಿ 9ಕ್ಕೆ ಇಳಿಯತ್ತೆ. 7ಕ್ಕೆ ಸಿಗ್ತಿದೆ ಅನ್ನೋದು ಡಿಸ್ಕೌಂಟ್ ಅಲ್ಲ, ನಿಮ್ಮದೇ ಹಳೇ ಶೇರಿಂದ 2 ರೂಪಾಯಿ ಕಿತ್ತು ಅದಕ್ಕೆ ಸೇರಿಸಿದಾರೆ. ಆ 2 ರೂಪಾಯಿ ನಿಮ್ಮ ರೈಟ್ಸ್ ಎಂಟೈಟಲ್ಮೆಂಟಲ್ಲಿ, ಅಂದ್ರೆ 7ಕ್ಕೆ ಶೇರು ತಗೊಳ್ಳೋ ಹಕ್ಕಲ್ಲಿ, ಇದೆ. ರೆಕಾರ್ಡ್ ಡೇಟ್ (ಶೇರು ಯಾರ ಹೆಸರಲ್ಲಿದೆ ಅಂತ ಕಂಪನಿ ನೋಡೋ ದಿನ) ಆದಮೇಲೆ ಡಿಮ್ಯಾಟಲ್ಲಿ ಕಂಪನಿ ಹೆಸರಿನ ಪಕ್ಕ ಆರ್‌ಇ ಅಂತ 4,000 ಯೂನಿಟ್ ಬಂದಿರತ್ತೆ, 2020ರಿಂದ ಅದನ್ನ ಮಾಮೂಲಿ ಶೇರಿನ ಥರಾನೇ ಎಕ್ಸ್‌ಚೇಂಜಲ್ಲಿ ಮಾರಬಹುದು. ಲೆಕ್ಕದ ಪ್ರಕಾರ 8,000 ರೂಪಾಯಿ, ಇಂಥ ಕಂಪನೀಲಿ ಅಷ್ಟು ಸಿಗದೇ ಇರಬಹುದು, ಸಿಕ್ಕಷ್ಟಕ್ಕೆ ಮಾರಿ. ಅಪ್ಲೈನೂ ಮಾಡದೇ ಮಾರದೇನೂ ಇದ್ರೆ ಅದು ಲ್ಯಾಪ್ಸ್ ಆಗಿ ಅಷ್ಟೂ ಹೋಗತ್ತೆ. ಆರ್‌ಇ ಮಾರೋಕೆ ಕೊನೇ ದಿನ ಇಶ್ಯೂ ಮುಚ್ಚೋ ದಿನಕ್ಕಿಂತ ಕೆಲವು ದಿನ ಮುಂಚೇನೇ ಇರತ್ತೆ, ಲೆಟರ್ ಆಫ್ ಆಫರಲ್ಲಿ ಆ ತಾರೀಕು ನೋಡಿ ಈ ವಾರನೇ ಆ ಕೆಲಸ ಮುಗಿಸಿ.

ಬಾಮೈದನಿಗೆ ಒಂದು ಹೇಳಿ. ಅಗ್ರಿಮೆಂಟು, ಕಟ್ಟಿದ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟು, ಬಿಲ್ಡರ್ ಜೊತೆಗಿನ ಇಮೇಲು ಎಲ್ಲಾ ಒಂದು ಫೈಲಲ್ಲಿ ಜೋಡಿಸಿಟ್ಕೊಳ್ಳಲಿ, ರೇರಾ ಕಂಪ್ಲೇಂಟ್ ಇನ್ನೂ ಹಾಕಿಲ್ಲ ಅಂದ್ರೆ ಹಾಕಲಿ. ಎನ್‌ಸಿಎಲ್‌ಟಿ ಅರ್ಜಿ ಒಪ್ಕೊಂಡ್ರೆ ಪೇಪರಲ್ಲಿ ಮತ್ತು ಐಬಿಬಿಐ (ದಿವಾಳಿ ಪ್ರಕ್ರಿಯೆ ನೋಡ್ಕೊಳ್ಳೋ ಮಂಡಳಿ) ಸೈಟಲ್ಲಿ ಪ್ರಕಟಣೆ ಬರತ್ತೆ, ಅದರಲ್ಲಿರೋ ದಿನಾಂಕದೊಳಗೆ ಫಾರ್ಮ್ ಸಿಎ ತುಂಬಿ ಕ್ಲೇಮ್ ಕಳಿಸ್ಬೇಕು, ಟೈಮ್ ಜಾಸ್ತಿ ಇರಲ್ಲ, ಎರಡು ವಾರದ ಆಸುಪಾಸು ಅಷ್ಟೇ.